ಕಾದಂಬರಿಕಾರನ ತಾಯಿಗೆ ಅರ್ಥ ಹೇಳಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಈಗಾಗಲೇ ಇರುವ ಹೆಸರು ಸಾಕು.

ಕುವೈತ್ ಬಿಡುಗಡೆಯಾಯಿತೆಂದು ರೇಡಿಯೊ ಹೇಳಿದ ವಾರದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಅವರ ತಮ್ಮ ನಮ್ಮ ಎದುರುಮನೆಯ ಫೋನಿಗೆ ಕರೆ ಮಾಡಿ ತಿಳಿಸಿದರು. ಎದೆನೋವು ಬಂದು ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತಂತೆ. ನನ್ನ ಹೆಂಡತಿ ಸ್ಟೌ ಆರಿಸಿದಳು. ಅರ್ಧ ಬೆಂದ ಅನ್ನವನ್ನು ಹಾಗೆಯೇ ಬಿಟ್ಟು ಅಡಿಗೆಮನೆಯ ನೆಲದ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. ನಾನು ಪಕ್ಕದಲ್ಲೇ ಕೂತೆ. ಸಮಾಧಾನ ಹೇಳಬೇಕಾದವನು, ನನ್ನ ಸುದ್ದಿ ಬಂದಿದ್ದರೂ ಇವಳು ಹೀಗೇ ಕೂರುತ್ತಿದ್ದಳೇ ಎಂದು ಯೋಚಿಸುತ್ತಿದ್ದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ. ಅವರು ಇನ್ನು ಮೇಲೆ ಒಂದೂ ತಪ್ಪು ಮಾಡುವುದಿಲ್ಲ.

ಅವರೂ ನಾನೂ ಕುವೈತಿನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆವು. ನನಗೆ ಮೈಸೂರಿನ ಎಂ.ಎ., ಮೊದಲ ದರ್ಜೆ. ಅವರಿಗೆ ಅದೇ ಎಂ.ಎ., ಎರಡನೆಯ ದರ್ಜೆ. ಅದನ್ನು ಅವರೇ ಎಲ್ಲರಿಗೂ ನಗುತ್ತ ಹೇಳಿಬಿಡುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ನನ್ನ ಮೊದಲ ದರ್ಜೆ ಏತಕ್ಕೂ ಬಾರದ ವಸ್ತುವಿನಂತೆ ಕಾಣುತ್ತಿತ್ತು. ಕುಳ್ಳ ಆಳು, ದಪ್ಪ ಕತ್ತು, ಬಣ್ಣ ಹಚ್ಚಿದ ಮೀಸೆ. ಮಾತಿಗೆ ಕೂರುವ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಮಗುಚಿ ಇಡುತ್ತಿದ್ದರು. ಹಾಗೆ ಇಟ್ಟರೆಂದರೆ ಆ ದಿನ ನಮ್ಮ ಕೆಲಸ ಕೆಟ್ಟಿತೆಂದೇ ಲೆಕ್ಕ.

ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ದೊಡ್ಡ ಇಂಗ್ಲಿಷ್ ಕಾದಂಬರಿಕಾರ ನನ್ನ ವಿಷಯ. ಎಂ.ಎ.ಯಲ್ಲಿ ಅವನ ಮೇಲೆಯೇ ಪ್ರಬಂಧ ಬರೆದಿದ್ದೆ. ಹುಡುಗನಾಗಿದ್ದಾಗ ಅವನು ಕಾರ್ಖಾನೆಯಲ್ಲಿ ದುಡಿದದ್ದು, ಅವನ ಕಾದಂಬರಿಗಳು ತಿಂಗಳು ತಿಂಗಳು ಕಂತಿನಲ್ಲಿ ಬಂದ ಬಗೆ, ಕೊನೆಗಾಲದಲ್ಲಿ ಊರೂರು ಸುತ್ತಿ ತನ್ನ ಕಥೆಗಳನ್ನು ತಾನೇ ಅಭಿನಯಿಸಿ ಓದಿ ದೇಹ ಸವೆಸಿಕೊಂಡದ್ದು, ಎಲ್ಲ ನನಗೆ ಗೊತ್ತು. ನಾನು ಪಾಠ ಮಾಡುವಾಗ ಮಕ್ಕಳು ಬರೆದುಕೊಳ್ಳುತ್ತಿದ್ದರು. ಅವರು ಮಾಡುವಾಗ ಯಾರೂ ಏನೂ ಬರೆದುಕೊಳ್ಳುತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಅವರ ಧ್ವನಿ ಗೋಡೆ ದಾಟಿ ಬರುತ್ತಿತ್ತು. "ಥೇಮ್ಸ್ ನದಿ ದಂಡೆಯ ಕಾರ್ಖಾನೆ ಅಂದ್ರೆ ಎಂತ ಅಂದುಕೊಂಡಿದ್ದೀರಿ? ನಮ್ಮ ಮಂಗಳೂರಿನ ದಕ್ಕೆಯ ನಾತ, ಮತ್ತೆ ಬೆಕ್ಕಿನಷ್ಟು ದೊಡ್ಡ ಇಲಿ! ಮೂಗು ಮುಚ್ಚಿ ಎಲ್ಲ!" ಕುವೈತಿನಲ್ಲಿ ಹುಟ್ಟಿ, ಮೀನಿನ ದಕ್ಕೆಯನ್ನು ಕಣ್ಣಲ್ಲೂ ಕಾಣದ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದವು. ಆ ನಗು ಕೇಳಿ ನನ್ನ ತರಗತಿಯ ಮಕ್ಕಳೂ ಗೋಡೆ ನೋಡಿಕೊಂಡು ನಗುತ್ತಿದ್ದವು.

ನನ್ನ ಪುಸ್ತಕಗಳನ್ನು ಒಯ್ಯುತ್ತಿದ್ದರು. ಹಿಂದಿರುಗಿ ಬಂದಾಗ ಪುಟಗಳಲ್ಲಿ ತೆಂಗಿನೆಣ್ಣೆಯ ಕಲೆ.

"ಓದಿದ್ರಾ?" ಎಂದು ಕೇಳಿದರೆ, "ಓದಿದ್ದು ಸ್ವಲ್ಪ ಮಾಷ್ಟ್ರೆ, ಅದರ ಮೇಲೆ ನಿದ್ದೆ ಮಾಡಿದ್ದು ಜಾಸ್ತಿ" ಎನ್ನುತ್ತಿದ್ದರು. ಆ ನಿದ್ದೆಯಲ್ಲೇ ಅವರಿಗೆ ನನ್ನ ಕಾದಂಬರಿಕಾರ ನನಗಿಂತ ಹೆಚ್ಚು ಪರಿಚಯವಾಗಿಬಿಟ್ಟ.

ಅವರದು ಉಡುಪಿ ಕಡೆ. ನನ್ನ ಹೆಂಡತಿಯದು ಸುರತ್ಕಲ್. ನಾನು ಹಾಸನದವನು. ಬಿ.ಎಡ್. ಓದುವಾಗ ಮೈಸೂರಿನಲ್ಲಿ ಅವಳನ್ನು ಮೆಚ್ಚಿ ಮದುವೆಯಾದೆ. ತುಳು ಮಾತ್ರ ಕಲಿಯಲಿಲ್ಲ. ಅವರು ಮನೆಗೆ ಬಂದರೆ ಇಬ್ಬರಿಗೂ ತುಳುವೇ. ಅಡಿಗೆಮನೆಯಲ್ಲಿ ಅವಳು ನಗುವುದು ಕೇಳುತ್ತಿತ್ತು, ಏತಕ್ಕೆ ನಗುತ್ತಾಳೆಂದು ತಿಳಿಯುತ್ತಿರಲಿಲ್ಲ. "ಏನಂದ್ರು?" ಎಂದು ಕೇಳಿದರೆ, "ಅದು ಕನ್ನಡದಲ್ಲಿ ಹೇಳಿದ್ರೆ ರುಚಿ ಇಲ್ಲ" ಎನ್ನುತ್ತಿದ್ದಳು. ಒಬ್ಬ ಗಂಡನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕಿಲ್ಲ.

ಶುಕ್ರವಾರಗಳಲ್ಲಿ ಕರಾವಳಿಯ ಜನ ಸಾಲ್ಮಿಯಾ ಬಡಾವಣೆಯ ಯಾರದಾದರೂ ಮನೆಯಲ್ಲಿ ಸೇರಿ ತಾಳಮದ್ದಳೆ ನಡೆಸುತ್ತಿದ್ದರು. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಅಂಗಿಯಲ್ಲಿ ಎದುರು ಬದುರು ಕೂತ ಇಬ್ಬರು ಆ ಪಾತ್ರಗಳಾಗಿ ಮಾತಿಗೆ ಮಾತು ಕೊಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಬದಲಿಸುವಂತಿಲ್ಲ. ಆದರೆ ಸಾಯಲೇಬೇಕಾದ ಪಾತ್ರ ವಾದದಲ್ಲಿ ಗೆದ್ದು ಸಾಯಬಹುದು. ಅವರಿಗೆ ಯಾವಾಗಲೂ ಸೋಲುವ ಪಾತ್ರವೇ ಬೇಕು. ಸೋಲುವವನ ಪರವಾಗಿ ಮಾತಾಡಿ ಇಡೀ ಸಭೆಯನ್ನು ಅಳಿಸುತ್ತಿದ್ದರು. ನನ್ನ ಹೆಂಡತಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಸೀಲಿಂಗ್ ಫ್ಯಾನ್ ನೋಡುತ್ತ ಕೂತಿರುತ್ತಿದ್ದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಶಾಲೆ ರಜೆಯಲ್ಲಿತ್ತು. ಊರಿನ ಟಿಕೆಟು ವರ್ಷ ಬಿಟ್ಟು ವರ್ಷ. ಆ ಬಾರಿ ನಮ್ಮ ಸರದಿಯಲ್ಲ, ಅವರದೂ ಅಲ್ಲ. ನಾವು ಮೂರನೆಯ ಮಹಡಿ, ಅವರು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಒಬ್ಬರೇ. ಮದುವೆಯಾಗಿರಲಿಲ್ಲ. ರಸ್ತೆಯ ತಿರುವಿನಲ್ಲಿ ಮರಳು ಚೀಲ ಜೋಡಿಸಿ ಸೈನಿಕರು ಕೂತಿದ್ದರು. ಭಾರತೀಯರು ಒಂದೊಂದು ಬಸ್ಸಾಗಿ ಬಸ್ರಾ, ಬಾಗ್ದಾದ್ ಹಾದು ಜೋರ್ಡಾನಿಗೆ ಹೊರಡತೊಡಗಿದ್ದರು. ಹೆಂಡತಿ ಮತ್ತು ಮಗನ ಪಾಸ್‌ಪೋರ್ಟುಗಳು ಮನೆಯಲ್ಲಿದ್ದವು. ನನ್ನದೂ ಅವರದೂ ಕಫೀಲನ ಆಫೀಸಿನ ತಿಜೋರಿಯಲ್ಲಿ. ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಆ ಮನುಷ್ಯ ದೇಶ ಬಿಟ್ಟು ಹೋಗಿದ್ದ. ರಾಯಭಾರ ಕಚೇರಿಯಿಂದ ಬೇರೆ ಕಾಗದ ಸಿಗುವವರೆಗೆ ನಾವಿಬ್ಬರೂ ಕದಲುವಂತಿರಲಿಲ್ಲ.

"ನೀವಿಲ್ಲದೆ ನಾನು ಹೋಗುದಿಲ್ಲ. ಇದ್ದರೆ ಮೂವರೂ ಇರುವ, ಹೋದರೆ ಮೂವರೂ ಹೋಗುವ" ಎಂದಿದ್ದಳು ಹೆಂಡತಿ.

ನಿಜ ಹೇಳುತ್ತೇನೆ, ಮದುವೆಯಾದ ಮೇಲೆ ನಾನು ಅಷ್ಟು ಸುಖಪಟ್ಟದ್ದು ಅದೇ ಮೊದಲು. ಹೊರಗೆ ಗುಂಡಿನ ಸದ್ದು; ಒಳಗೆ ನನಗೆ ಹಬ್ಬ. ಜೋರ್ಡಾನಿನ ಮರುಭೂಮಿಯ ಡೇರೆಗಳಲ್ಲಿ ನೀರಿಲ್ಲದೆ ಮಕ್ಕಳು ನರಳುತ್ತಿವೆ ಎಂಬ ರೇಡಿಯೊ ಸುದ್ದಿಗಳನ್ನು, ಇಲ್ಲೇ ಇರೋಣ ಎನ್ನುತ್ತ, ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ.

ಮಧ್ಯಾಹ್ನಗಳಲ್ಲಿ ಮಗನನ್ನು ಕೂರಿಸಿಕೊಂಡು ಕಾದಂಬರಿಕಾರನ ಜೀವನ ಪಾಠ ಮಾಡುತ್ತಿದ್ದೆ. ಮಗನಿಗೆ ಆಗ ಒಂಬತ್ತು. ಅವನು ತೂಕಡಿಸುತ್ತಿದ್ದ. ಒಂದು ದಿನ ಅವರು ಎಲ್ಲಿಂದಲೋ ಒಂದು ಚೀಲ ಖುಬ್ಬೂಸ್ ರೊಟ್ಟಿ ಸಂಪಾದಿಸಿ ತಂದರು. ಬಾಗಿಲಲ್ಲೇ ನಿಂತು ಪಾಠ ಕೇಳಿದರು.

"ಮಾಷ್ಟ್ರೆ, ಹೊರಗೆ ಅವರು ಹೆದರಿಸ್ತಾರೆ, ಒಳಗೆ ನೀವಾ? ಪಾಠ ಬೇಡ. ತಾಳಮದ್ದಳೆ ಕೂಟ ಮಾಡುವ."

"ಯಾವ ಪ್ರಸಂಗ?"

"ನಿಮ್ಮ ಕಾದಂಬರಿಕಾರಂದೇ."

ಚೆಂಡೆ ಮದ್ದಳೆ ಬಾರಿಸುವಂತಿರಲಿಲ್ಲ, ಸದ್ದು ಕೆಳಗೆ ಹೋಗುತ್ತದೆ. ಭಾಗವತರೂ ಇಲ್ಲ. ನನ್ನ ಹೆಂಡತಿ ಪುಟ್ಟ ತಾಳದ ಜೋಡಿಯನ್ನು ಬೆರಳಲ್ಲಿ ಹಿಡಿದು, ತಾನೇ ಎರಡು ಸಾಲು ಕಟ್ಟಿ, ಪಿಸುದನಿಯಲ್ಲಿ ಹಾಡಿದಳು. ಅವಳಿಗೆ ಹಾಡು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಮೊದಲ ದಿನಗಳಲ್ಲಿ ಅವರು ಕಾದಂಬರಿಕಾರನ ತಂದೆಯಾದರು. ಸಾಲ ತೀರಿಸಲಾಗದೆ ಜೈಲು ಸೇರಿದ, ಆದರೂ ಜೈಲಿನಲ್ಲಿ ನೆಂಟರಮನೆಗೆ ಬಂದವನಂತೆ ಓಡಾಡುವ ಮನುಷ್ಯ. ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಂಕಲ್, ಒನ್ಸ್ ಮೋರ್!" ನನಗೆ ಜೈಲರನ ಪಾತ್ರ. ಜೈಲರನಿಗೆ ಹೇಳಲು ಏನೂ ಇರಲಿಲ್ಲ.

ಆಮೇಲೊಂದು ದಿನ ಅವರು ಗಡಿಯಾರ ಬಿಚ್ಚಿ ಮಗುಚಿಟ್ಟು ಹೇಳಿದರು: "ಇವತ್ತು ನೀವು ಕಾದಂಬರಿಕಾರ. ದೊಡ್ಡವ ಆಗಿದ್ದಾನೆ, ಹೆಸರು ಬಂದಿದೆ. ತಾಯಿಯ ಮನೆಗೆ ಬಂದು ಜವಾಬು ಕೇಳ್ತಾನೆ. ನಾನು ತಾಯಿ."

"ಅವನು ಯಾವತ್ತೂ ಹಾಗೆ ಕೇಳಲಿಲ್ಲ ಕಣ್ರೀ. ಸಾಯೋವರೆಗೂ ಆ ಕಾರ್ಖಾನೆ ವಿಷಯ ಬಾಯಿ ಬಿಡಲಿಲ್ಲ. ಒಬ್ಬ ಸ್ನೇಹಿತನಿಗೆ ಬಿಟ್ಟರೆ ಮಕ್ಕಳಿಗೂ ಹೇಳಿರಲಿಲ್ಲ."

"ಅದಕ್ಕೇ ಕೂಟ ಬೇಕಾದ್ದು ಮಾರಾಯ್ರೆ. ಅವ ಕೇಳದ್ದನ್ನು ನಾವು ಕೇಳುವ."

ನನಗೆ ಒಳಗೊಳಗೇ ಖುಷಿಯಾಯಿತು. ಕಥೆ ನನ್ನ ಕಡೆಗಿತ್ತು. ಆ ತಾಯಿಯ ಪರವಾಗಿ ಯಾವ ಪುಸ್ತಕದಲ್ಲೂ ಹೆಚ್ಚಿನ ಮಾತಿಲ್ಲ. ಈ ಸಲ ಇವರನ್ನು ಹೆಂಡತಿಯ ಎದುರಿಗೇ ಸೋಲಿಸುತ್ತೇನೆಂದು ನೆಟ್ಟಗೆ ಕೂತೆ.

"ಅಮ್ಮಾ," ಎಂದೆ, "ನನಗಾಗ ಹನ್ನೆರಡು ವರ್ಷ. ಅಪ್ಪ ಜೈಲು ಸೇರಿದ. ನೀನು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅವನ ಜೊತೆ ಜೈಲಿನಲ್ಲೇ ಸಂಸಾರ ಹೂಡಿದೆ. ನನ್ನೊಬ್ಬನನ್ನು ಹೊರಗೆ ಬಿಟ್ಟೆ. ಬೂಟ್ ಪಾಲಿಶಿನ ಭರಣಿಗಳಿಗೆ ಚೀಟಿ ಅಂಟಿಸುವ ಕೆಲಸ ನನಗೆ. ಅಪ್ಪ ಬಿಡುಗಡೆಯಾಗಿ ಬಂದು ನನ್ನನ್ನು ಅಲ್ಲಿಂದ ಬಿಡಿಸಿದ. ಆಗಲೂ ನೀನು, ಇವನನ್ನು ವಾಪಸು ಕಳಿಸೋಣ ಅಂದೆ. ನಿನ್ನನ್ನು ತಾಯಿ ಅಂತ ಯಾಕೆ ಕರೆಯಲಿ?"

ಚೆನ್ನಾಗಿಯೇ ಹೇಳಿದ್ದೆ. ಹೆಂಡತಿ ನನ್ನನ್ನು ನೋಡಿದಳು. ಅವರು ಹೆಗಲ ಮೇಲಿನ ಬೈರಾಸು ಟವೆಲನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡರು.

"ಬಂದೆಯಾ ಮಗ? ಕೂತುಕೋ. ಊಟ ಆಯ್ತಾ?"

ಮಗ ಕಿಸಕ್ಕನೆ ನಕ್ಕ.

"ಮೊದಲು ಉತ್ತರ ಹೇಳು" ಎಂದೆ.

"ಹೇಳ್ತೇನೆ. ನಿನ್ನ ಪುಸ್ತಕ ಓದಿಸಿ ಕೇಳಿದೆ ಮಗ. ಎಷ್ಟು ಅಮ್ಮಂದಿರು ಅದರಲ್ಲಿ! ಒಬ್ಬಳಿಗಾದರೂ ಬುದ್ಧಿ ಕೊಟ್ಟೆಯಾ? ಅಪ್ಪಂದಿರಿಗೆ ಮಾತ್ರ ಒಳ್ಳೊಳ್ಳೆ ತಮಾಷೆ ಮಾತು. ಇರಲಿ. ಜೈಲಿಗೆ ಯಾಕೆ ಹೋದೆ ಕೇಳಿದೆ. ಎಲ್ಲರೂ ಒಟ್ಟಿಗೆ ಇರುವ, ಬಂದದ್ದು ಬರಲಿ, ಅಂತ ನಾನೂ ಹೇಳಿದವಳೇ. ಕೇಳಲಿಕ್ಕೆ ಚಂದ ಆ ಮಾತು. ಗಂಡನಿಗೂ ಹಿತ. ಆದರೆ ಮಗ, ಆ ಬಾಗಿಲಿಗೆ ಬೀಗ ಹಾಕುವವ ನಮ್ಮವ ಅಲ್ಲ. ಅವ ಒಂದು ದಿನ ಬಾಗಿಲು ತೆಗೆಯದಿದ್ದರೆ? ಒಟ್ಟಿಗೆ ಇದ್ದವರು ಒಟ್ಟಿಗೇ ಹೋಗುದು. ಅದಕ್ಕೆ ಒಬ್ಬನಾದರೂ ಗೋಡೆಯ ಹೊರಗೆ ಇರಲಿ ಅಂದೆ. ಇಲಿ ಇದ್ದರೂ ಅದು ಹೊರಗೆ. ನಾತ ಇದ್ದರೂ ಹೊರಗೆ. ನಿನಗೆ ನನ್ನ ಮೇಲೆ ಸಿಟ್ಟು. ಮಾಡು. ಸಾಯುವವರೆಗೆ ಮಾಡು. ಸಿಟ್ಟು ಮಾಡಲಿಕ್ಕೆ ನೀನು ಉಂಟಲ್ಲ, ನನಗೆ ಅಷ್ಟು ಸಾಕು."

"ಇದು ಯಾವ ಪುಸ್ತಕದಲ್ಲೂ ಇಲ್ಲ!" ಎಂದೆ. ಪಾತ್ರ ಬಿಟ್ಟು ಮಾತಾಡಿದವನು ಕೂಟದಲ್ಲಿ ಸೋತಂತೆ ಎಂಬುದು ಆಗ ನನಗೆ ನೆನಪಿಗೆ ಬರಲಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ. ಹೆಂಡತಿ ನನ್ನ ಕಡೆಗಾಗಲಿ ಅವರ ಕಡೆಗಾಗಲಿ ನೋಡುತ್ತಿರಲಿಲ್ಲ. ಮಗನನ್ನು ನೋಡುತ್ತಿದ್ದಳು.

ತಾಳವನ್ನು ನೆಲದ ಮೇಲೆ ಸದ್ದಾಗದಂತೆ ಇಟ್ಟು ಎದ್ದಳು. "ನಾಳಿದ್ದಿನ ಬಸ್ಸಿಗೆ ನನ್ನದೂ ಇವಂದೂ ಹೆಸರು ಕೊಡಿ" ಎಂದಳು.

ನನಗಾಗಿ ಉಳಿದಿದ್ದವಳು ಅವರ ಒಂದು ಮಾತಿಗೆ ಹೊರಟುಬಿಟ್ಟಳು. ನಾನು ಅವರ ಹಿಂದೆಯೇ ಮೆಟ್ಟಿಲಿಳಿದು ಹೋಗಿ ತಡೆದೆ.

"ನಮ್ಮ ಮನೆ ವಿಷಯಕ್ಕೆ ನೀವ್ಯಾಕ್ರೀ ಬಾಯಿ ಹಾಕಿದ್ದು?"

"ನಾನೆಲ್ಲಿ ಹಾಕಿದೆ ಮಾಷ್ಟ್ರೆ? ಆ ಹೆಂಗಸು ಹೇಳಿದ್ದು."

"ಆ ಹೆಂಗಸು ಸತ್ತು ನೂರು ವರ್ಷದ ಮೇಲಾಯ್ತು!"

"ಹಾಗಾದ್ರೆ ಅವಳ ಹತ್ರ ಜಗಳ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದರು. ನಗಲಿಲ್ಲ. ನಕ್ಕಿದ್ದರೆ ಹೊಡೆದುಬಿಡುತ್ತಿದ್ದೆನೇನೋ.

ಬಸ್ಸು ಹೊರಡುವಾಗ ಮಗ ಕಿಟಕಿಯಿಂದ ಕೈ ಚಾಚಿ ನನ್ನ ಅಂಗಿ ಹಿಡಿದುಕೊಂಡ. "ಅಪ್ಪಾ, ವೈ ಆರ್ ಯು ನಾಟ್ ಕಮಿಂಗ್?" ಹೆಂಡತಿ ಒಂದೊಂದೇ ಬೆರಳು ಬಿಡಿಸಿದಳು. ಅವನು ಅವಳ ಕೈಗೆ ಹೊಡೆದ. ನನಗೆ ಅವಳು, "ಬಾಗಿಲು ಸರಿಯಾಗಿ ಹಾಕಿಕೊಳ್ಳಿ" ಎಂದಷ್ಟೇ ಹೇಳಿದಳು. ಅವರಿಗೆ ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವರು ತಲೆಯಾಡಿಸುತ್ತಿದ್ದರು.

ಕೆಲವು ದಿನಗಳ ಮೇಲೆ ಸೈನಿಕರು ಕಟ್ಟಡದ ಶೋಧಕ್ಕೆ ಬಂದರು. ಇದನ್ನು ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಬಾಗಿಲು ನೋಡಿ ಬರುತ್ತೇನೆ. ಸುರತ್ಕಲ್ಲಿನಲ್ಲಿ ಈ ಬಾಡಿಗೆ ಮನೆಯ ಬಾಗಿಲಿಗೆ ಯಾರೂ ಬೂಟಿನಲ್ಲಿ ಒದೆಯುವುದಿಲ್ಲವೆಂದು ಗೊತ್ತು, ಆದರೂ. ಶೋಧದ ಹೊತ್ತಿಗೆ ಅವರು ನನ್ನ ಮನೆಯಲ್ಲೇ ಇದ್ದರು. ಸೈನಿಕರು ನಮ್ಮಿಬ್ಬರನ್ನೂ ಹೊರಗೆಳೆದು, ಮೆಟ್ಟಿಲ ಗೋಡೆಗೆ ಮುಖ ಮಾಡಿಸಿ, ಕೈ ಮೇಲೆತ್ತಿ ನಿಲ್ಲಿಸಿದರು. ಬಂದೂಕಿನ ತುದಿ ನನ್ನ ಬೆನ್ನುಮೂಳೆಯ ಮೇಲೆ ಇತ್ತು. ಅದು ತಣ್ಣಗಿರುತ್ತದೆಂದು ಅಂದುಕೊಂಡಿದ್ದೆ. ಬಿಸಿಲಿನಲ್ಲಿ ಕಾದು ಬಿಸಿಯಾಗಿತ್ತು. ಕಲಿತ ಅರಬ್ಬಿಯಲ್ಲಿ ಒಂದು ಶಬ್ದವೂ ನಾಲಿಗೆಗೆ ಬರಲಿಲ್ಲ. ಪಕ್ಕದಲ್ಲಿ ಅವರಿಗೂ ಮಾತಿಲ್ಲ. ಅವರಿಗೆ ಮಾತು ಹೊರಡದೆ ಹೋದದ್ದನ್ನು ಕಂಡದ್ದು ಅದೇ ಮೊದಲು. ಆ ಭಯದಲ್ಲೂ ನಾನದನ್ನು ಗಮನಿಸಿದೆ.

ಒಳಗೆ ಮಗನ ಕೋಣೆಯಲ್ಲಿ ಗುಂಡು ಹಾರಿತು. ಮತ್ತೆ ಮತ್ತೆ. ಆಮೇಲೆ ಒಬ್ಬ ಸೈನಿಕ ಹೊರಗೆ ಬಂದು "ಖಲಾಸ್" ಎಂದ. ಬೆನ್ನಿನ ಮೇಲಿನ ಬಿಸಿ ಹೋಯಿತು. ಬೂಟುಗಳು ಕೆಳಗಿಳಿದವು.

ನಾನೊಬ್ಬನೇ ಒಳಗೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಮುಚ್ಚಿದ ಬಟ್ಟೆಯ ಕಪಾಟಿನೊಳಗೆ ಯಾರೋ ಇದ್ದಾರೆಂದುಕೊಂಡು ಬಾಗಿಲಿನ ಮೂಲಕವೇ ಗುಂಡು ಹೊಡೆದಿದ್ದರು. ಒಳಗಿನ ಕಂಬಳಿಗಳ ಉಣ್ಣೆ ತೂತುಗಳಿಂದ ಹೊರಗೆ ಬಂದಿತ್ತು. ಕಪಾಟಿನ ಬಾಗಿಲು ತೆಗೆದು, ಮತ್ತೆ ಮುಚ್ಚಿದೆ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ಹೊರಗೆ ನಡೆದದ್ದನ್ನು ಅವರು ಹೇಳಿದರು. ನಮ್ಮ ಕಾಗದ ಬಂದು, ಬಸ್ರಾ ಬಾಗ್ದಾದ್ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ವಿಮಾನಕ್ಕೆ ಕಾಯುವಾಗ, ಅವರು ಆ ಶೋಧದ ಕಥೆಯನ್ನು ಪ್ರತಿ ಡೇರೆಯಲ್ಲೂ ಹೇಳಿದರು. ಬಂದೂಕು, ಬಿಸಿ, ಗೋಡೆಯ ಸುಣ್ಣದ ವಾಸನೆ, ಎಲ್ಲ. ಮಂಗಳೂರಿನ ಕೊಂಕಣಿ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡು ಅತ್ತರು. ನನ್ನ ಬೆನ್ನಿನ ಮೇಲಿದ್ದ ಬಂದೂಕು ಎರಡನೆಯ ಡೇರೆಗೆ ಹೋಗುವಷ್ಟರಲ್ಲಿ ಅವರ ಬೆನ್ನಿಗೆ ಬಂದಿತ್ತು. ಕೇಳುತ್ತ ಕೂತ ನನಗೂ ಅಯ್ಯೋ ಪಾಪ ಅನ್ನಿಸಿತು. ಒಬ್ಬ ಮನುಷ್ಯನ ಹೆಂಡತಿಯ ನಗು, ಮಗನ ಕಿವಿ, ಅವನು ಓದಿದ ಕಾದಂಬರಿಕಾರ ಅವರ ಕೈಗೆ ಹೋದದ್ದಾಯಿತು. ಕೊನೆಗೆ ಅವನ ಹೆದರಿಕೆಯೂ ಹೋಯಿತು.

ಬೊಂಬಾಯಿಯಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದೆವು. "ಅಕ್ಕನನ್ನೂ ಪುಟ್ಟನನ್ನೂ ಒಮ್ಮೆ ನೋಡಿ ಹೋಗ್ತೇನೆ" ಎಂದು ಅವರೂ ಸುರತ್ಕಲ್ಲಿಗೆ, ನನ್ನ ಹೆಂಡತಿಯ ತವರಿಗೆ, ನನ್ನ ಜೊತೆ ಬಂದರು. ಬೇಡವೆನ್ನಲು ಬಾಯಿ ಬರಲಿಲ್ಲ.

ಮಗ ಓಡಿ ಬಂದದ್ದು ನನ್ನ ಹತ್ತಿರಕ್ಕೆ. ಅವರ ಎದುರಿಗೇ ನನ್ನ ಸೊಂಟ ತಬ್ಬಿ ನಿಂತ. ಆ ಗೆಲುವು ಹೆಚ್ಚು ಹೊತ್ತು ಉಳಿಯಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಸೊರಗಿ ಅರ್ಧವಾಗಿದ್ದಳು. ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಆ ಬಸ್ಸಿನಿಂದ ಇವತ್ತಿನವರೆಗೆ ಹುಡುಗ ತಾಯಿಯೊಡನೆ ಒಂದು ಮಾತೂ ಆಡಿಲ್ಲ. ಅವಳು ಬಡಿಸಿದರೆ ಉಣ್ಣುವುದಿಲ್ಲ, ಅತ್ತೆ ಬಡಿಸಬೇಕು.

ಮಗನನ್ನು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ಅವರು ಜಗಲಿಯ ಆ ತುದಿಯಲ್ಲಿ ಕುರ್ಚಿಯ ಮೇಲಿದ್ದರು. ಹೆಂಡತಿ ಒಳಬಾಗಿಲ ಹಿಂದೆ ಇದ್ದಳು, ಅವಳ ಸೀರೆಯ ಅಂಚು ಕಾಣುತ್ತಿತ್ತು.

"ಅಮ್ಮನ ಹತ್ರ ಯಾಕೆ ಮಾತಾಡಲ್ಲ?"

"ಶಿ ಲೆಫ್ಟ್ ಯು ದೇರ್." ಅವನು ಒಳಬಾಗಿಲಿಗೆ ಬೆನ್ನು ಹಾಕಿ ಕೂತ. "ಯು ಸೆಡ್ ಸ್ಟೇ. ಅಮ್ಮ ಸೆಡ್ ಗೋ."

ನಾನು ಅರ್ಥ ಹೇಳುವವನಲ್ಲ. ನೋಡಿದ್ದನ್ನು ಹೇಳಿದೆ.

"ನಿನ್ನ ಕೋಣೇಲಿ ಬಟ್ಟೆ ಕಪಾಟಿತ್ತಲ್ಲ. ಬೂಟಿನ ಸದ್ದು ಕೇಳಿದ್ರೆ ಓಡಿಹೋಗಿ ಅದರೊಳಗೆ ಕಂಬಳಿ ಹಿಂದೆ ಕೂತ್ಕೋ ಅಂತ ನಿನಗೆ ಹೇಳಿಕೊಟ್ಟವನು ಯಾರು?"

"ಯು."

"ಎಷ್ಟು ಸಲ ಕೂರಿಸಿ ಅಭ್ಯಾಸ ಮಾಡಿಸಿದ್ದೆ. ಉಸಿರು ಬಿಡಬೇಡ, ಯಾರು ಕರೆದ್ರೂ ಬರಬೇಡ ಅಂದಿದ್ದೆ. ಇಡೀ ಮನೇಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ ಅಂದುಕೊಂಡಿದ್ದೆ ಕಣೋ. ನೀವು ಹೋದ ಮೇಲೆ ಸೈನಿಕರು ಬಂದ್ರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಆ ಕಪಾಟಿಗೆ ಹೊಡೆದ್ರು. ಬಾಗಿಲು ತೆಗೆದು ನಾನೇ ನೋಡಿದೆ. ನೀನು ತಲೆ ಆನಿಸಿ ಕೂರ್ತಿದ್ದ ಕಂಬಳಿ ಇತ್ತಲ್ಲ, ನೀಲಿದು, ಅದರಲ್ಲಿ ನನ್ನ ಮೂರು ಬೆರಳು ಹೋಗುವಷ್ಟು ತೂತು. ಇರು ಅಂದವನು ನಾನು. ನಡಿ ಅಂದವಳು ಅಮ್ಮ. ನಾನು ನಿನ್ನ ಕೈಯಿಂದ ನನ್ನ ಅಂಗಿ ಬಿಡಿಸ್ತಿರಲಿಲ್ಲ. ಅವಳು ಬಿಡಿಸಿದಳು. ಈಗ ಯಾರ ಜೊತೆ ಮಾತು ಬಿಡಬೇಕೋ ನೀನೇ ಹೇಳು."

ಅವನು ಬಹಳ ಹೊತ್ತು ನನ್ನ ಕೈಬೆರಳುಗಳನ್ನು ನೋಡಿದ. ಆಮೇಲೆ ಎದ್ದು ಒಳಗೆ ಹೋದ. ಬಾಗಿಲ ಹಿಂದೆ ಸೀರೆಯ ಅಂಚು ಕುಸಿದು ನೆಲದ ಮೇಲೆ ಹರಡಿತು. ಇಬ್ಬರೂ ಅಳುವುದು ಕೇಳಿತು.

ಜಗಲಿಯ ಆ ತುದಿಗೆ ತಿರುಗಿ ನೋಡಿದೆ. ಕಪಾಟಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ಕುರ್ಚಿಯ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಸ್ವಲ್ಪ ತೆರೆದು, ಕೂತಿದ್ದರು. ಮೆಟ್ಟಿಲ ಗೋಡೆಯ ಹತ್ತಿರ ಕಂಡಿದ್ದ ಅದೇ ಮುಖ.

ಸ್ವಲ್ಪ ಹೊತ್ತಿಗೆ ಹೆಂಡತಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಿದಳು. ಆಮೇಲೆ ಅವರನ್ನು ನೋಡಿದಳು. ಅವಳ ಮುಖ ಅರಳಿತು.

"ಎಷ್ಟು ಚಂದ ಹೇಳಿದಿರಿ!" ಎಂದಳು ನನಗೆ. "ಇವರು ಹೇಳಿಕೊಟ್ಟದ್ದಾ?"

"ಅಲ್ಲ ಅಕ್ಕ," ಎಂದರು ಅವರು. "ನಾನಲ್ಲ. ಮಾಷ್ಟ್ರದ್ದೇ ಮಾತು."

ಎಲ್ಲರೂ ಅದನ್ನು ದೊಡ್ಡವರ ವಿನಯ ಎಂದುಕೊಂಡರು. ಭಾವ ತಲೆದೂಗಿದರು. ಹೆಂಡತಿ ನಗುತ್ತ ಅವರಿಗೆ ಕಾಫಿ ತರಲು ಒಳಗೆ ಹೋದಳು. ಅಲ್ಲಿಂದೀಚೆಗೆ ಎಷ್ಟೋ ಸಲ ಅವಳಿಗೆ ಹೇಳಿದ್ದೇನೆ, ನಂಬಿಲ್ಲ. ಆ ಮಾತು ನನ್ನದೇ ಎಂದು ತಿಳಿದಿದ್ದ ಮನುಷ್ಯ ಲೋಕದಲ್ಲಿ ಒಬ್ಬರೇ ಇದ್ದರು. ಅವರೂ ಮೊನ್ನೆ ಹೋದರು.